ನಿಲ್ಲಿಸುವುದಕ್ಕೂ ಎಚ್ಚರ ಬೇಕು

ಮಳೆಗಾಲವು ಜೀವರಾಶಿಯ ಕಾಲ. ಬೇಸಿಗೆಯಲ್ಲಿ ಬರಿದಾಗಿ ಕಾಣುವ ನೆಲವು ಮೊದಲ ಮಳೆ ಬಿದ್ದ ವಾರದೊಳಗೆ ಹುಲ್ಲು, ಹಾವಸೆ, ಎರೆಹುಳು, ಬಸವನಹುಳು, ಕಪ್ಪೆಮರಿಗಳಿಂದ ತುಂಬಿಹೋಗುತ್ತದೆ. ಕಾಲಿಟ್ಟಲ್ಲೆಲ್ಲ ಒಂದು ಜೀವವಿರುವ ಈ ಕಾಲದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸಿ, ಆಷಾಢ ಶುಕ್ಲ ಚತುರ್ದಶಿಯಿಂದ ದೀಪಾವಳಿಯ ಅಮಾವಾಸ್ಯೆಯವರೆಗೆ ಒಂದೇ ಸ್ಥಳದಲ್ಲಿ ವರ್ಷಾಯೋಗವನ್ನು ಧರಿಸುತ್ತಾರೆ. ಅದನ್ನು ಕಂಡ ಶ್ರಾವಕರೂ ತಮ್ಮ ಶಕ್ತಿಗೆ ತಕ್ಕಂತೆ ನಿಯಮಗಳನ್ನು ಸ್ವೀಕರಿಸುತ್ತಾರೆ. ಕೆಲವರು ಸೊಪ್ಪುತರಕಾರಿಯನ್ನು ಬಿಡುತ್ತಾರೆ. ಕೆಲವರು ಒಪ್ಪತ್ತು ಉಣ್ಣುತ್ತಾರೆ. ಕೆಲವರು ಪ್ರಯಾಣವನ್ನು ಮಿತಗೊಳಿಸುತ್ತಾರೆ. 2025ರ ಆಷಾಢದಲ್ಲಿ ಕಾರ್ಕಳದ ಸಮೀಪದ ಒಂದು ಹಳ್ಳಿಯ ನಿವೃತ್ತ ಶಿಕ್ಷಕರೊಬ್ಬರು ಸ್ವೀಕರಿಸಿದ ನಿಯಮವೂ ಈ ಬಗೆಯದೇ ಆಗಿತ್ತು.

ಅವರ ವಯಸ್ಸು ಅರುವತ್ತೆಂಟು. ಊರಿನವರಿಗೆಲ್ಲ ಅವರು ‘ಮಾಸ್ಟ್ರು’. ಬಸದಿಯಲ್ಲಿ ಭಾನುವಾರದ ಸ್ವಾಧ್ಯಾಯವನ್ನು ನಡೆಸಿಕೊಡುವವರೂ ಅವರೇ. ಅವರಲ್ಲಿ 1996ರ ಒಂದು ಬಜಾಜ್ ಚೇತಕ್ ಸ್ಕೂಟರ್ ಇದೆ. ಮಹಾರಾಣಾ ಪ್ರತಾಪನ ಕುದುರೆಯ ಹೆಸರನ್ನು ಹೊತ್ತ ಈ ಸ್ಕೂಟರ್ 1972ರಲ್ಲಿ ಮಾರುಕಟ್ಟೆಗೆ ಬಂದು, 2009ರ ಹೊತ್ತಿಗೆ ತಯಾರಿಕೆಯನ್ನು ನಿಲ್ಲಿಸಿತು. 2020ರಿಂದ ಅದೇ ಹೆಸರಿನಲ್ಲಿ ವಿದ್ಯುತ್ ಸ್ಕೂಟರ್ ಬರುತ್ತಿದ್ದರೂ ಕೈಯಲ್ಲಿ ಗೇರು ತಿರುಗಿಸುವ, ಕಾಲಿನಿಂದ ಒದೆಯುವ ಆ ಹಳೆಯ ಚೇತಕ್ಕಿಗೂ ಇದಕ್ಕೂ ಹೆಸರಿನ ಸಂಬಂಧವಷ್ಟೆ. ಮಾಸ್ಟ್ರು ಹದಿನೈದು ವರ್ಷ ತುಂಬಿದಾಗ ನೋಂದಣಿಯನ್ನು ನವೀಕರಿಸಿ, ಅನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಅದನ್ನು ಉಳಿಸಿಕೊಂಡು ಬಂದಿದ್ದರು. ಕೆಡದ ವಸ್ತುವನ್ನು ಬಿಸುಟು ಹೊಸದನ್ನು ಕೊಳ್ಳುವುದು ಪರಿಗ್ರಹವನ್ನು ಬೆಳೆಸಿದಂತೆ ಎಂಬುದು ಅವರ ನಂಬಿಕೆ. ಬೆಂಗಳೂರಿನಲ್ಲಿರುವ ಮಗ ಹೊಸ ವಾಹನವನ್ನು ಕೊಡಿಸುವೆನೆಂದಾಗಲೆಲ್ಲ, “ಇದು ಓಡುತ್ತದೆ, ಇರಲಿ” ಎನ್ನುತ್ತಿದ್ದರು.

ಆ ವರ್ಷ ಆಷಾಢ ಶುಕ್ಲ ಚತುರ್ದಶಿಯಂದು ಅವರು ಬಸದಿಯಲ್ಲಿ ದೇಶವ್ರತವನ್ನು ಸ್ವೀಕರಿಸಿದರು. ದೀಪಾವಳಿಯವರೆಗೆ ಮನೆಯಿಂದ ಒಂದು ಮೈಲಿಗಿಂತ ಆಚೆಗೆ ಹೋಗುವುದಿಲ್ಲ, ವಾಹನವನ್ನು ಏರುವುದಿಲ್ಲ ಎಂಬುದು ಅವರ ಸಂಕಲ್ಪ. ಬಸದಿಯು ಆ ಮೇರೆಯೊಳಗೇ ಇತ್ತು. ಮನೆಗೆ ಬಂದವರೇ ಸ್ಕೂಟರನ್ನು ಹಳೆಯ ಹಟ್ಟಿಗೆ ತಳ್ಳಿ, ಸ್ಟ್ಯಾಂಡ್ ಹಾಕಿ, ಮೇಲೊಂದು ಹಳದಿ ಬಟ್ಟೆಯನ್ನು ಹೊದಿಸಿ, ಬಾಗಿಲು ಎಳೆದುಕೊಂಡರು. ಹೊರಗೆ ಮಳೆ ಜೋರಾಗಿತ್ತು. ಮನಸ್ಸಿನಲ್ಲಿ ವ್ರತದ ಉತ್ಸಾಹವಿತ್ತು. ಪೆಟ್ರೋಲಿನ ಕಾಕ್ ಮುಚ್ಚಬೇಕೆಂಬುದಾಗಲಿ, ಟ್ಯಾಂಕಿಯಲ್ಲಿ ಮೂರು ಲೀಟರಿನಷ್ಟು ಪೆಟ್ರೋಲ್ ಉಳಿದಿದೆ ಎಂಬುದಾಗಲಿ ಅವರ ಗಮನಕ್ಕೆ ಬರಲಿಲ್ಲ.

ವ್ರತ ನಿರ್ವಿಘ್ನವಾಗಿ ನಡೆಯಿತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆ ಸೀಮೆಯಲ್ಲಿ ಅವರು ಕೊಡೆ ಹಿಡಿದು ನೆಲ ನೋಡುತ್ತ ಬಸದಿಗೆ ನಡೆದು ಹೋಗಿ ಬರುವುದನ್ನು ಊರವರೆಲ್ಲ ಕಂಡರು. ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಸಮಾಪ್ತಿಯ ದಿನ ಬಸದಿಯ ಆಡಳಿತ ಸಮಿತಿಯವರು ಅವರಿಗೆ ಶಾಲು ಹೊದಿಸಿ ಗೌರವಿಸಿದರು. ಈ ವಯಸ್ಸಿನಲ್ಲಿ ಇಂತಹ ಸಂಯಮ ಎಲ್ಲರಿಗೂ ಮಾದರಿ ಎಂದು ಒಬ್ಬರು ಭಾಷಣ ಮಾಡಿದರು. ಮಾಸ್ಟ್ರು ತಲೆ ತಗ್ಗಿಸಿ ಕೈಮುಗಿದರು. ಆ ಮಾತು ಕಿವಿಗೆ ಹಿತವಾಗಿತ್ತು ಎಂಬುದನ್ನು ಅವರು ಅಂದು ತಮಗೆ ತಾವೇ ಹೇಳಿಕೊಳ್ಳಲಿಲ್ಲ.

ದೀಪಾವಳಿಯ ಅಮಾವಾಸ್ಯೆಯ ಬೆಳಗಿನ ಜಾವ ಭಗವಾನ್ ಮಹಾವೀರರ ನಿರ್ವಾಣಪೂಜೆ ಮುಗಿಯಿತು. ಮರುದಿನ ಮಾಸ್ಟ್ರು ಹಟ್ಟಿಯ ಬಾಗಿಲನ್ನು ತೆರೆದರು. ಅಕ್ಕನ ಮನೆಗೆ ಹೋಗಬೇಕಿತ್ತು. ಅವರಿಗಿಂತ ಆರು ವರ್ಷ ಹಿರಿಯಳಾದ, ಒಬ್ಬಳೇ ಇರುವ ಅಕ್ಕನ ಮನೆ ಮೂರು ಕಿಲೋಮೀಟರ್ ದೂರದ ಪಕ್ಕದ ಹಳ್ಳಿಯಲ್ಲಿದೆ. ಬಟ್ಟೆಯನ್ನು ಸರಿಸಿ, ಸ್ಕೂಟರನ್ನು ಬೆಳಕಿಗೆ ಎಳೆದು, ವಾಡಿಕೆಯಂತೆ ಒಮ್ಮೆ ಎಂಜಿನ್ನಿನ ಬದಿಗೆ ಓರೆಯಾಗಿಸಿ, ಚೋಕ್ ಎಳೆದು ಕಿಕ್ಕಿನ ಮೇಲೆ ಕಾಲಿಟ್ಟರು. ಆಗ ಎಂಜಿನ್ನಿನ ಕೆಳಗೆ ನೆಲದ ಮೇಲೆ ಬಿದ್ದಿದ್ದ ಹಳದಿ ಬಟ್ಟೆಯ ಸಣ್ಣ ಸಣ್ಣ ಎಳೆಗಳು ಕಣ್ಣಿಗೆ ಬಿದ್ದವು. ಹೊದಿಸಿದ್ದ ಬಟ್ಟೆಯ ಒಂದು ಮೂಲೆಯನ್ನು ಯಾರೋ ಕತ್ತರಿಸಿದಂತಿತ್ತು. ಅವರು ಕಾಲು ಹಿಂತೆಗೆದು, ಬಲಬದಿಯ ಹೊದಿಕೆಯನ್ನು ಮೆಲ್ಲನೆ ಕಳಚಿದರು.

ಚೇತಕ್ಕಿನ ಎಂಜಿನ್ನಿಗೆ ಗಾಳಿಯೇ ತಂಪು. ಕಿಕ್ ಹೊಡೆದೊಡನೆ ಅದರ ಫ್ಲೈವೀಲಿನ ರೆಕ್ಕೆಗಳು ಬೀಸಣಿಗೆಯಂತೆ ತಿರುಗಿ, ಸಿಲಿಂಡರಿನ ಮೇಲೆ ಮುಚ್ಚಿದ ತಗಡಿನ ಕವಚದೊಳಕ್ಕೆ ಗಾಳಿಯನ್ನು ನೂಕುತ್ತವೆ. ಆ ಬೀಸಣಿಗೆಗೂ ತಗಡಿಗೂ ನಡುವಿನ ಸಂದಿನಲ್ಲಿ ಹಳದಿ ಬಟ್ಟೆ, ತೆಂಗಿನ ನಾರು, ಹಳೆಯ ಕಾಗದದ ಚೂರುಗಳಿಂದ ಹೆಣೆದ ಒಂದು ಗೂಡಿತ್ತು. ಚಿಕ್ಕದೊಂದು ಇಲಿ ಚಂಗನೆ ಹಾರಿ ಓಡಿಹೋಯಿತು. ಗೂಡಿನೊಳಗೆ ರೋಮವಿಲ್ಲದ, ಕಣ್ಣು ತೆರೆಯದ, ಕೆಂಪಗಿನ ಐದು ಮರಿಗಳು ಒಂದರ ಮೇಲೊಂದು ಬಿದ್ದು ಉಸಿರಾಡುತ್ತಿದ್ದವು. ಒಂದೇ ಒಂದು ಒದೆತ ಬಿದ್ದಿದ್ದರೆ ಆ ಐದೂ ಬೀಸಣಿಗೆಯ ಬಾಯಿಗೆ ಹೋಗುತ್ತಿದ್ದವು. ಮಾಸ್ಟ್ರು ಹೊದಿಕೆಯನ್ನು ಮತ್ತೆ ಇದ್ದ ಹಾಗೆಯೇ ಇಟ್ಟು, ಸ್ಕೂಟರನ್ನು ಅಲುಗದಂತೆ ಹಟ್ಟಿಯೊಳಕ್ಕೆ ತಂದು, ಜಗಲಿಯ ಮೇಲೆ ಬಹಳ ಹೊತ್ತು ಕುಳಿತರು.

ಪಕ್ಕದ ಮನೆಯ ಹುಡುಗ ಬಂದ. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ಅವನು ಶಾಲೆಯಲ್ಲಿ ಮಾಸ್ಟ್ರ ಶಿಷ್ಯನಾಗಿದ್ದವನು. ಅವರೆಂದರೆ ಅವನಿಗೆ ಭಕ್ತಿ. ಹೊದಿಕೆಯ ಸಂದಿನಿಂದ ಇಣುಕಿ, “ಗೂಡನ್ನು ಹಾಗೇ ಎತ್ತಿ ಹಿತ್ತಿಲಲ್ಲಿ ಇಡುವ, ಮಾಸ್ಟ್ರೇ” ಎಂದ. ಹಿತ್ತಿಲಲ್ಲಿ ಬೆಕ್ಕಿದೆ, ಕಾಗೆ ಇದೆ. ಸ್ಥಳ ಬದಲಾದರೆ ತಾಯಿ ಮರಳಿ ಬರುವುದೆಂಬ ಭರವಸೆಯೂ ಇಲ್ಲ. ಮಾಸ್ಟ್ರು ಒಪ್ಪಲಿಲ್ಲ. ಇಲಿಯ ಮರಿಗೆ ಹತ್ತು ದಿನದಲ್ಲಿ ರೋಮ ಬರುತ್ತದೆ, ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ, ಮೂರು ವಾರಕ್ಕೆ ತಾಯಿಯ ಹಾಲು ಬಿಡುತ್ತದೆ ಎಂಬುದನ್ನು ಅವರು ಶಾಲೆಯಲ್ಲಿ ವಿಜ್ಞಾನ ಕಲಿಸುವಾಗ ಹೇಳಿದ್ದುಂಟು. “ಇಷ್ಟು ದಿನ ನಿಂತ ಸ್ಕೂಟರ್ ಇನ್ನು ಮೂರು ವಾರ ನಿಲ್ಲಲಿ” ಎಂದರು.

“ಹಾಗಾದರೆ ಇವತ್ತು ದೊಡ್ಡಮ್ಮನ ಮದ್ದು ನಾನೇ ಕೊಟ್ಟು ಬರುತ್ತೇನೆ. ನನಗೇನು ಹೊಸತಾ?” ಎಂದ ಹುಡುಗ, ಬೈಕಿನ ಕೀಲಿ ತೆಗೆಯಲು ಜೇಬಿಗೆ ಕೈ ಹಾಕಿದ. ಆಗ ಅವನ ಮೊಣಕೈಯ ಬಳಿ ಬೆರಳುದ್ದದ ಒಂದು ಗಾಯದ ಕಲೆ ಕಾಣಿಸಿತು. ಏನೆಂದು ಕೇಳಿದಾಗ ಅವನು ನಕ್ಕುಬಿಟ್ಟ. “ಅದಾ? ಶ್ರಾವಣದಲ್ಲಿ ಒಂದು ರಾತ್ರಿ ದೊಡ್ಡಮ್ಮನ ಮನೆಯಿಂದ ಬರುವಾಗ ಕೆಸರಿನಲ್ಲಿ ಬೈಕ್ ಜಾರಿತು. ರಸ್ತೆ ತುಂಬ ಕಪ್ಪೆ. ತಪ್ಪಿಸಲು ಹೋಗಿ ಬಿದ್ದೆ. ನಿಮಗೆ ವ್ರತ ಇತ್ತಲ್ಲ, ಬೇಸರವಾದೀತು ಅಂತ ಹೇಳಲಿಲ್ಲ.”

ಮಾಸ್ಟ್ರಿಗೆ ಮಾತು ಹೊರಡಲಿಲ್ಲ. ಅವನನ್ನು ಕಳುಹಿಸದೆ, ಒಳಗೆ ಹೋಗಿ ಲೆಕ್ಕದ ಪುಸ್ತಕವನ್ನು ತೆಗೆದರು. ನಲವತ್ತು ವರ್ಷಗಳಿಂದ ದಿನದ ಖರ್ಚನ್ನು ಬರೆದಿಡುವುದು ಅವರ ಅಭ್ಯಾಸ. ವ್ರತಕ್ಕೆ ಮೊದಲು ಅವರ ಸ್ಕೂಟರಿಗೆ ತಿಂಗಳಿಗೆ ಸುಮಾರು ಐದು ಲೀಟರ್ ಪೆಟ್ರೋಲ್ ಖರ್ಚಾಗುತ್ತಿತ್ತು. ವ್ರತದ ಮೂರೂವರೆ ತಿಂಗಳಿಗೆ ಆ ಲೆಕ್ಕದಲ್ಲಿ ಹದಿನೇಳೋ ಹದಿನೆಂಟೋ ಲೀಟರ್ ಆಗಬೇಕಿತ್ತು. ಆದರೆ ಈ ಅವಧಿಯಲ್ಲಿ ಹುಡುಗನಿಗೆ ಪೆಟ್ರೋಲಿಗೆಂದು ಕೊಟ್ಟ ಹಣವನ್ನು ಕೂಡಿಸಿದಾಗ ಅದು ಇಪ್ಪತ್ತಾರು ಲೀಟರಿನ ಬೆಲೆಯಾಯಿತು. ಮದ್ದಿಗೆ, ಪೂಜೆಯ ಹೂವಿಗೆ, ಪತ್ರಿಕೆಗೆ, ಮರೆತುಹೋದ ತೆಂಗಿನೆಣ್ಣೆಗೆ, ಬ್ಯಾಂಕಿನ ಒಂದು ಕಾಗದಕ್ಕೆ ಹೀಗೆ ಪುಟಪುಟವೂ ಅವನ ಓಡಾಟದಿಂದ ತುಂಬಿತ್ತು. ತಾವೇ ಹೋಗಬೇಕಾಗಿದ್ದರೆ ನಾಲ್ಕು ಕೆಲಸಗಳನ್ನು ಕೂಡಿಸಿಕೊಂಡು ವಾರಕ್ಕೆರಡು ಸಲ ಹೊರಡುತ್ತಿದ್ದ ಮಾಸ್ಟ್ರು, ಇನ್ನೊಬ್ಬನು ಹೋಗುವವನಿದ್ದುದರಿಂದ ದಿನಕ್ಕೊಂದು ಕೆಲಸವನ್ನು ನೆನಪಿಸಿಕೊಂಡಿದ್ದರು. ಲೀಟರಿಗೆ ಐವತ್ತು ಕಿಲೋಮೀಟರ್ ಎಂದಿಟ್ಟುಕೊಂಡರೂ ಸಾವಿರದ ಮುನ್ನೂರು ಕಿಲೋಮೀಟರ್. ಅದೂ ಕಪ್ಪೆ, ಬಸವನಹುಳು, ಚೋರಟೆಗಳು ರಸ್ತೆಗಿಳಿಯುವ ಮಳೆಗಾಲದಲ್ಲಿ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳನ್ನೂ ಒಂದೊಂದಕ್ಕೂ ಐದೈದು ಅತಿಚಾರಗಳನ್ನೂ ಹೇಳಿದೆ. ದೇಶವ್ರತದ ಅತಿಚಾರಗಳಲ್ಲಿ ಮೊದಲನೆಯದು ಆನಯನ, ಎಂದರೆ ಮೇರೆಯ ಆಚೆಗಿನ ವಸ್ತುವನ್ನು ತರಿಸಿಕೊಳ್ಳುವುದು. ಎರಡನೆಯದು ಪ್ರೇಷ್ಯಪ್ರಯೋಗ, ಎಂದರೆ ತಾನು ಹೋಗದೆ ಇನ್ನೊಬ್ಬನನ್ನು ಮೇರೆಯ ಆಚೆಗೆ ಕಳುಹಿಸಿ ಕೆಲಸ ಮಾಡಿಸುವುದು. ಮೇರೆಯೊಳಗೆ ನಿಂತೇ ಕೂಗಿ, ತನ್ನನ್ನು ತೋರಿಸಿಕೊಂಡು, ಇಲ್ಲವೆ ಕಲ್ಲೊಂದನ್ನು ಎಸೆದು ಆಚೆಯವರಿಂದ ಕೆಲಸ ಮಾಡಿಸಿಕೊಳ್ಳುವುದು ಉಳಿದ ಮೂರು. ಸೂತ್ರಕಾರರ ಕಾಲದಲ್ಲಿ ಬೈಕೂ ಇರಲಿಲ್ಲ, ದೂರವಾಣಿಯೂ ಇರಲಿಲ್ಲ. ಆದರೂ ಮನುಷ್ಯನ ಮನಸ್ಸು ವ್ರತದಿಂದ ನುಸುಳಿಕೊಳ್ಳುವ ದಾರಿಗಳು ಅವರಿಗೆ ಚೆನ್ನಾಗಿ ತಿಳಿದಿದ್ದವು. ಮಾಸ್ಟ್ರು ಈ ಐದು ಹೆಸರುಗಳನ್ನು ಇಪ್ಪತ್ತು ವರ್ಷಗಳಿಂದ ಬಸದಿಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ತಪ್ಪು ಹೇಳಿದ ಮಕ್ಕಳನ್ನು ತಿದ್ದಿದ್ದರು. ಪ್ರತಿದಿನ ಬೆಳಿಗ್ಗೆ ಮೊಬೈಲಿನಲ್ಲಿ ಆ ಹುಡುಗನನ್ನು ಕರೆಯುವಾಗ ಮಾತ್ರ ಅವುಗಳಲ್ಲಿ ಒಂದೂ ಅವರ ನೆನಪಿಗೆ ಬಂದಿರಲಿಲ್ಲ.

ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿಕೊಂಡದ್ದು ಈ ಮೂರಕ್ಕೂ ಹೊಣೆ ಒಂದೇ ಎಂಬುದು ಜೈನ ಧರ್ಮದ ತಳಹದಿಯ ವಿಚಾರ. ಕೃತ, ಕಾರಿತ, ಅನುಮೋದನ ಎಂಬ ಮಾತುಗಳನ್ನು ಕೇಳದ ಶ್ರಾವಕನಿಲ್ಲ. ಆದರೂ ಮಾಡಿಸಿದ್ದರ ಭಾರ ಹೆಗಲಿಗೆ ತಾಗುವುದಿಲ್ಲ. ಸ್ಕೂಟರ್ ಹಟ್ಟಿಯಲ್ಲಿ ನಿಂತಿರುವುದು ಕಣ್ಣಿಗೆ ಕಾಣುತ್ತದೆ. ಅದಕ್ಕೆ ಬದಲಾಗಿ ಓಡುವ ಇನ್ನೊಂದು ಚಕ್ರ ಕಾಣುವುದಿಲ್ಲ.

ಅಂದು ಮಧ್ಯಾಹ್ನ ಮಾಸ್ಟ್ರು ಮದ್ದಿನ ಚೀಲವನ್ನು ಹಿಡಿದು ಅಕ್ಕನ ಮನೆಗೆ ನಡೆದೇ ಹೊರಟರು. ಒಂದು ಗಂಟೆ ಹಿಡಿಯಿತು. ಅಕ್ಕ ಚಾವಡಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದಳು. ತಮ್ಮನನ್ನು ಕಂಡು ಎದ್ದು ನೀರು ತಂದುಕೊಟ್ಟಳು. ಆರೋಗ್ಯವನ್ನು ವಿಚಾರಿಸಿದ ಮೇಲೆ ಮಾಸ್ಟ್ರು, ಮದ್ದು ಹೊತ್ತಿಗೆ ಸರಿಯಾಗಿ ಬರುತ್ತಿತ್ತೇ ಎಂದು ಕೇಳಿದರು.

“ಮದ್ದು ಒಂದು ದಿನವೂ ತಪ್ಪಲಿಲ್ಲ. ನಿನ್ನ ವ್ರತವೂ ಚಂದ ನಡೆಯಿತಂತೆ, ಶಾಲು ಹೊದಿಸಿದರಂತೆ. ಸಂತೋಷ” ಎಂದಳು ಅಕ್ಕ. ಸ್ವಲ್ಪ ಹೊತ್ತು ಅಡಿಕೆ ಸುಲಿದು, ತಲೆಯೆತ್ತದೆಯೇ ಮತ್ತೆ ಹೇಳಿದಳು: “ಮೂರೂವರೆ ತಿಂಗಳು ಮದ್ದು ಬಂತು ತಮ್ಮಾ. ನೀನು ಬರಲಿಲ್ಲ.”

ಆಕೆಯ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದಕ್ಕೆ ಉತ್ತರ ಕೊಡುವುದು ಕಷ್ಟವಾಯಿತು. ಮೇರೆಯನ್ನು ಒಂದು ಮೈಲಿಗೆ ಹಾಕಿಕೊಂಡವರು ಅವರೇ. ಅದನ್ನು ಮೂರು ಕಿಲೋಮೀಟರಿಗೆ ಹಾಕಿಕೊಂಡು ಕಾಲ್ನಡಿಗೆಯಲ್ಲಿ ಅಕ್ಕನ ಮನೆಗೆ ಹೋಗಿ ಬರುವೆನೆಂದು ಸಂಕಲ್ಪಿಸಲು ಯಾವ ಅಡ್ಡಿಯೂ ಇರಲಿಲ್ಲ. ಸಂಕಲ್ಪದ ಸಮಯದಲ್ಲಿ ಕಡಿಮೆ ದೂರವು ಹೆಚ್ಚು ದೊಡ್ಡ ವ್ರತವಾಗಿ ತೋರಿತ್ತು, ಅಷ್ಟೆ. ಸಂಜೆಯವರೆಗೆ ಅಲ್ಲಿಯೇ ಕುಳಿತು ಅವರೂ ಅಡಿಕೆ ಸುಲಿದರು. ಹೊತ್ತು ಮುಳುಗುವ ಮೊದಲು ಇಬ್ಬರೂ ಒಟ್ಟಿಗೆ ಊಟ ಮಾಡಿದರು.

ಮುಂದಿನ ಮೂರು ವಾರ ಮಾಸ್ಟ್ರು ಹುಡುಗನನ್ನು ಎಲ್ಲಿಗೂ ಕಳುಹಿಸಲಿಲ್ಲ. ದಿನ ಬಿಟ್ಟು ದಿನ ಅಕ್ಕನ ಮನೆಗೆ ನಡೆದರು. ಪೇಟೆಯ ಕೆಲಸವನ್ನು ವಾರಕ್ಕೊಮ್ಮೆ ಬಸ್ಸಿನಲ್ಲಿ ಮುಗಿಸಿದರು. ಪತ್ರಿಕೆ ಒಂದು ದಿನ ತಡವಾದರೆ ಲೋಕ ಮುಳುಗುವುದಿಲ್ಲವೆಂದು ತಿಳಿಯಿತು. ಹಟ್ಟಿಯ ಬಾಗಿಲನ್ನು ದಿನಕ್ಕೊಮ್ಮೆ ಮಾತ್ರ ಸದ್ದಿಲ್ಲದೆ ತೆರೆದು ನೋಡುತ್ತಿದ್ದರು. ಮರಿಗಳಿಗೆ ಬೂದುಬಣ್ಣದ ರೋಮ ಬಂತು, ಕಣ್ಣು ತೆರೆದವು, ಒಂದು ದಿನ ಹಟ್ಟಿಯ ಗೋಡೆಯುದ್ದಕ್ಕೂ ತಾಯಿಯ ಹಿಂದೆ ಓಡಾಡುವುದು ಕಾಣಿಸಿತು. ಇಪ್ಪತ್ತಮೂರನೆಯ ದಿನ ಗೂಡು ಬರಿದಾಗಿತ್ತು. ಇನ್ನೆರಡು ದಿನ ಕಾದು, ಯಾವ ಜೀವವೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅವರು ಮೃದುವಾದ ಬ್ರಷ್ಷಿನಿಂದ ಗೂಡನ್ನು ಹೊರತೆಗೆದರು.

ಅನಂತರ ಸ್ಕೂಟರನ್ನು ಎಬ್ಬಿಸುವ ಕೆಲಸ ಆರಂಭವಾಯಿತು. ಹುಡುಗನೂ ಜೊತೆಗಿದ್ದ. ಮೊದಲು ಪೆಟ್ರೋಲಿನ ಪೈಪನ್ನು ಕಳಚಿ ಟ್ಯಾಂಕಿಯಲ್ಲಿದ್ದುದನ್ನು ತಗಡಿನ ಡಬ್ಬಿಗೆ ಇಳಿಸಿದರು. ಅದರಲ್ಲಿ ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಾಕಿ ನಿಲ್ಲಿಸಿದಾಗ ಮೇಲೊಂದು, ಕೆಳಗೊಂದು ಪದರಾಯಿತು. 1996ರಲ್ಲಿ ಈ ತೊಂದರೆ ಇರಲಿಲ್ಲ. ಈಗ ಭಾರತದಲ್ಲಿ ಮಾರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲವಿಡೀ ನಿಂತ ಟ್ಯಾಂಕಿಯಲ್ಲಿ ನೀರಿನ ಅಂಶ ಮಿತಿ ಮೀರಿದಾಗ ಎಥನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಹೋಗುವ ಪೈಪು ಇರುವುದೂ ಆ ತಳದಲ್ಲಿಯೇ. ಅಂತಹ ದ್ರವದಿಂದ ಎಷ್ಟು ಒದ್ದರೂ ಎಂಜಿನ್ ಎಚ್ಚರಗೊಳ್ಳುವುದಿಲ್ಲ. ಲೋಹಕ್ಕೆ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರ್ ಪೈಪು ಕೆಡುತ್ತದೆ.

“ಇದನ್ನು ತೋಟದ ಮೂಲೆಯಲ್ಲಿ ಚೆಲ್ಲಿ ಬರಲಾ?” ಎಂದು ಹುಡುಗ ಕೇಳಿದ. ಎಲ್ಲರೂ ಮಾಡುವುದು ಅದನ್ನೇ. ಆದರೆ ಪೆಟ್ರೋಲ್ ಬಿದ್ದ ಮಣ್ಣಿನಲ್ಲಿ ಎರೆಹುಳು ಉಳಿಯುವುದಿಲ್ಲ. ಇಳಿದ ವಿಷ ಬಾವಿಯ ನೀರಿಗೂ ಸೇರಬಹುದು. ಮಾಸ್ಟ್ರು ಡಬ್ಬಿಯ ಬಾಯಿಯನ್ನು ಭದ್ರವಾಗಿ ಮುಚ್ಚಿ, ಬಿಡಿಭಾಗಗಳನ್ನು ತೊಳೆಯಲು ಬಳಸುವ ಗ್ಯಾರೇಜಿಗೆ ಕೊಡಲೆಂದು ಬೆಂಕಿಯಿಂದ ದೂರ ಇರಿಸಿದರು.

ಕಾಕ್ ತೆರೆದೇ ಇದ್ದುದರಿಂದ ಕಾರ್ಬೊರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಆರಿ, ಮರದ ಅಂಟಿನಂತಹ ಕಂದುಬಣ್ಣದ ಲೇಪ ಉಳಿದಿತ್ತು. ಸೂಜಿಯ ಮೊನೆಯಷ್ಟು ಕಿರಿದಾದ ಜೆಟ್ಟಿನ ರಂಧ್ರವು ಪೂರ್ಣವಾಗಿ ಮುಚ್ಚಿತ್ತು. ಹುಡುಗ ತಂತಿಯನ್ನು ತಂದ. ತಂತಿಯಿಂದ ಚುಚ್ಚಿದರೆ ಹಿತ್ತಾಳೆಯ ರಂಧ್ರ ಅಗಲವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆಂದು ಮಾಸ್ಟ್ರು ತಡೆದರು. ಹೊಸ ಪೆಟ್ರೋಲಿನಲ್ಲಿ ನೆನೆಯಿಟ್ಟು, ಬ್ರಷ್ಷಿನ ಒಂದೇ ಎಳೆಯಿಂದ ತಿವಿದು, ಸೈಕಲ್ ಪಂಪಿನಿಂದ ಗಾಳಿ ಹೊಡೆದಾಗ ಜೆಟ್ಟಿನ ಆಚೆಗೆ ಬೆಳಕು ಕಾಣಿಸಿತು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಮಸಿಯನ್ನು ಉಜ್ಜಿದರು. ಅದರ ತೂತಿನಿಂದ ಸಿಲಿಂಡರಿಗೆ ಕೆಲವು ಹನಿ ಎಣ್ಣೆ ಬಿಟ್ಟು, ಪ್ಲಗ್ ಇಲ್ಲದೆಯೇ ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತಿ ಎಂಜಿನ್ ಬಿಗಿದಿಲ್ಲವೆಂದು ನೋಡಿದರು. ಕ್ಲಚ್ ಮತ್ತು ಗೇರಿನ ಕೇಬಲ್ಲುಗಳಿಗೆ ಎಣ್ಣೆ ಇಳಿಸಿದರು. ಹಿಂದಿನ ಬ್ರೇಕ್ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಂಡಿತ್ತು. ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿ ಅದನ್ನು ಬಿಡಿಸಿ, ಡ್ರಮ್ಮನ್ನು ಕಳಚಿ ಒರೆಸಿದರು. ಪೈಪು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅದನ್ನು ಮಾಸ್ಟ್ರು ತಾವೇ ಮರುದಿನ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ತಂದರು.

ಹುಡುಗನ ಬೈಕಿನಿಂದ ಬೆಲೆ ಕೊಟ್ಟು ಒಂದು ಲೀಟರ್ ಪೆಟ್ರೋಲ್ ಪಡೆದು, ಅದಕ್ಕೆ 20 ಮಿಲಿಲೀಟರ್ ಟೂ-ಟಿ ಆಯಿಲನ್ನು ಬೆರೆಸಿ, ಚೆನ್ನಾಗಿ ಕುಲುಕಿ ಟ್ಯಾಂಕಿಗೆ ಹಾಕಿದರು. ಈ ಎಂಜಿನ್ನಿಗೆ ಬೇರೆ ಎಣ್ಣೆಯ ಏರ್ಪಾಡಿಲ್ಲ. ಪೆಟ್ರೋಲಿನೊಡನೆ ಬೆರೆತು ಹೋದ ಎಣ್ಣೆಯೇ ಒಳಗಿನ ಭಾಗಗಳನ್ನು ಕಾಯುತ್ತದೆ. ಕಾಕ್ ತಿರುಗಿಸಿ ಒಂದು ನಿಮಿಷ ಕಾದು, ಚೋಕ್ ಎಳೆದು ಒದ್ದರು. ನಾಲ್ಕು ಒದೆತ ವ್ಯರ್ಥವಾಯಿತು. ಪ್ಲಗ್ಗನ್ನು ಮತ್ತೆ ಬಿಚ್ಚಿ ಒರೆಸಿ ಹಾಕಿದರು. ಆರನೆಯ ಒದೆತಕ್ಕೆ ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಒಂಬತ್ತನೆಯದಕ್ಕೆ ಬಿಳಿಹೊಗೆಯನ್ನು ಉಗುಳುತ್ತ ಹಿಡಿದುಕೊಂಡಿತು. ಹುಡುಗ ಚಪ್ಪಾಳೆ ತಟ್ಟಿದ. ಎರಡು ನಿಮಿಷದಲ್ಲಿ ಹೊಗೆ ತಿಳಿಯಾಗಿ, ಅಂಗಳದಲ್ಲಿ ಹಳೆಯ ಪರಿಚಿತ ಸದ್ದು ತುಂಬಿತು.

ಆ ಭಾನುವಾರದ ಸ್ವಾಧ್ಯಾಯದಲ್ಲಿ ಮಾಸ್ಟ್ರು ದೇಶವ್ರತದ ಪಾಠವನ್ನೇ ತೆಗೆದರು. ಐದು ಅತಿಚಾರಗಳ ಹೆಸರನ್ನು ಮಕ್ಕಳಿಂದ ಹೇಳಿಸಿದ ಮೇಲೆ ಪುಸ್ತಕವನ್ನು ಮುಚ್ಚಿ, ತಮ್ಮ ಲೆಕ್ಕದ ಪುಸ್ತಕವನ್ನು ತೆರೆದು ಇಪ್ಪತ್ತಾರು ಲೀಟರಿನ ಲೆಕ್ಕವನ್ನು ಎಲ್ಲರ ಮುಂದೆ ಓದಿದರು. ಹುಡುಗನ ಗಾಯವನ್ನೂ ಅಕ್ಕನ ಮಾತನ್ನೂ ಹೇಳಿದರು. ಶಾಲು ಹೊದಿಸಿದ ಸಮಿತಿಯವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. “ನಿಮ್ಮ ಮರ್ಯಾದೆ ದೊಡ್ಡದು. ಆದರೆ ಮೂರೂವರೆ ತಿಂಗಳು ನನ್ನ ಸ್ಕೂಟರ್ ಮಾತ್ರ ವ್ರತ ಮಾಡಿತು, ನಾನು ಮಾಡಲಿಲ್ಲ” ಎಂದು ಕೈಮುಗಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅನಂತರ ಸಮಿತಿಯ ಹಿರಿಯರೊಬ್ಬರು, ಪರ್ವದ ದಿನಗಳಲ್ಲಿ ತಾವು ಮನೆಯಿಂದ ಹೊರಡದೆ ಕೆಲಸದವರನ್ನು ಎಷ್ಟು ಸಲ ಪೇಟೆಗೆ ಅಟ್ಟುತ್ತೇವೆಂಬುದನ್ನು ತಾವಾಗಿ ಹೇಳಿದರು. ಬಸದಿಯ ಪೂಜಾಸಾಮಗ್ರಿಯನ್ನು ದಿನದಿನವೂ ತರಿಸುವ ಬದಲು ವಾರಕ್ಕೊಮ್ಮೆ ತರಿಸಬಹುದೆಂದು ಇನ್ನೊಬ್ಬರು ಸೂಚಿಸಿದರು. ಪೂಜೆಯ ಇಂದ್ರರು ಹೂವಿಗೆ ಬಸದಿಯ ಹಿತ್ತಿಲಲ್ಲೇ ಗಿಡ ನೆಡಬಹುದಲ್ಲ ಎಂದರು.

ವ್ರತವು ದೋಷವಿಲ್ಲದೆ ನಡೆಯಬೇಕೆಂದು ಯಾವ ಆಚಾರ್ಯರೂ ಗೃಹಸ್ಥನನ್ನು ಹೆದರಿಸಿಲ್ಲ. ಅತಿಚಾರಗಳನ್ನು ಎಣಿಸಿ ಹೇಳಿರುವುದೇ ಅವು ಆಗುತ್ತವೆ ಎಂಬ ಕಾರಣಕ್ಕೆ. ಕಂಡುಕೊಂಡು ತಿದ್ದಿಕೊಳ್ಳಲಿ ಎಂಬ ಕರುಣೆಯಿಂದ. ಹೆಚ್ಚು ಕೇಡು ಮಾಡುವುದು ಪ್ರಮಾದ. ಓಡುವಾಗ ಎಚ್ಚರ ಬೇಕೆಂಬುದು ಎಲ್ಲರಿಗೂ ತಿಳಿದಿದೆ. ನಿಲ್ಲಿಸುವಾಗಲೂ ಅಷ್ಟೇ ಎಚ್ಚರ ಬೇಕೆಂಬುದನ್ನು ಮಾಸ್ಟ್ರಿಗೆ ಕಲಿಸಿದ್ದು ಮುಚ್ಚದೆ ಬಿಟ್ಟ ಒಂದು ಕಾಕ್ ಮತ್ತು ಐದು ಇಲಿಮರಿಗಳು. ಯಂತ್ರವನ್ನಾಗಲಿ ಆಸೆಯನ್ನಾಗಲಿ ಸುಮ್ಮನೆ ಬಟ್ಟೆ ಹೊದಿಸಿ ಬಾಗಿಲೆಳೆದುಕೊಂಡರೆ ಒಳಗೆ ಏನಾಗುತ್ತಿದೆ ಎಂಬುದು ತಿಳಿಯುವುದಿಲ್ಲ.

ಸ್ಕೂಟರ್ ಸರಿಯಾದ ದಿನ ಮಾಸ್ಟ್ರು ಅದರಲ್ಲಿಯೇ ಅಕ್ಕನ ಮನೆಗೆ ಹೋಗಿದ್ದರು. ಆಕೆ ಸದ್ದು ಕೇಳಿ ಹೊರಗೆ ಬಂದು ನೋಡಿ, “ಓಹೋ, ರಿಪೇರಿ ಆಯಿತಾ? ಇನ್ನು ನೀನು ಬಂದ ಹಾಗೆಯೇ ಹೊರಡುತ್ತೀ” ಎಂದಳು. ಅದಾದ ಮೇಲೆ ಪೇಟೆಗೆ ಸ್ಕೂಟರ್, ಅಕ್ಕನ ಮನೆಗೆ ಕಾಲ್ನಡಿಗೆ ಎಂಬ ಕ್ರಮವನ್ನು ಅವರು ಇಟ್ಟುಕೊಂಡಿದ್ದಾರೆ.

ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಮುಂದಿನ ಆಷಾಢಕ್ಕೆಂದು ಅವರು ಒಂದು ಪಟ್ಟಿ ಬರೆದಿಟ್ಟಿದ್ದಾರೆ. ಟ್ಯಾಂಕಿಯನ್ನು ಬರಿದು ಮಾಡುವುದು. ಕಾಕ್ ಮುಚ್ಚಿ, ಕಾರ್ಬೊರೇಟರಿನ ಪೆಟ್ರೋಲ್ ತೀರುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುವುದು. ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಡುವುದು. ಹೊದಿಕೆಯ ಸಂದುಗಳಿಗೆ ಜಾಲರಿ ಕಟ್ಟುವುದು. ವಾರಕ್ಕೊಮ್ಮೆ ಬಾಗಿಲು ತೆರೆದು ನೋಡುವುದು. ಅದರ ಕೆಳಗೆ ಗೆರೆ ಎಳೆದು ಇನ್ನೆರಡು ಸಾಲುಗಳಿವೆ. ಮೇರೆ: ಅಕ್ಕನ ಮನೆಯವರೆಗೆ, ಕಾಲ್ನಡಿಗೆಯಲ್ಲಿ. ಯಾರನ್ನೂ ಕಳುಹಿಸುವುದಿಲ್ಲ.